ತಾಮ್ರದ ಮನೆಯಲ್ಲಿ ಉಳಿದ ಕಿವಿ

ಜೇನುಮೇಣವನ್ನು ಕೊಬ್ಬರಿ ಎಣ್ಣೆಗೆ ಹಾಕಿ ಬೆಚ್ಚಗೆ ಮಾಡಿದಾಗ ಒಂದು ವಾಸನೆ ಬರುತ್ತದೆ. ಪೂರ್ತಿ ಹೂವಿನದಲ್ಲ, ಪೂರ್ತಿ ಹೊಗೆಯದೂ ಅಲ್ಲ. ಮೊನ್ನೆ ಮೊಮ್ಮಗಳು ಒಡೆದ ಹಿಮ್ಮಡಿಗೆ ಹಚ್ಚಿಕೊಳ್ಳಲೆಂದು ಒಲೆಯ ಮೇಲೆ ಮೇಣ ಕರಗಿಸುತ್ತಿದ್ದಳು. ನಾನು ಹೊರಗಿನ ಕೋಣೆಯಲ್ಲಿ ಪೇಪರು ಓದುತ್ತ ಕೂತಿದ್ದೆ. ಆ ವಾಸನೆ ಬಂದದ್ದೇ ಪೇಪರು ಮಡಿಚಿಟ್ಟು ಎದ್ದು, ಕಪಾಟಿನ ಮೇಲಿನ ಹಲಗೆಯಲ್ಲಿದ್ದ ಹಿತ್ತಾಳೆಯ ಸುಣ್ಣದ ಡಬ್ಬಿಯನ್ನು ತೆಗೆದೆ. ಅಜ್ಜ ತನ್ನ ಮದುವೆಯ ವರ್ಷ ಅಜ್ಜಿಯ ಎಲೆಯಡಿಕೆ ಚೀಲಕ್ಕೆಂದು ಮಾಡಿಕೊಟ್ಟ ಡಬ್ಬಿ ಅದು. ಮುಚ್ಚಳದ ಮೇಲೆ ಎಳ್ಳಿನಷ್ಟು ಸಣ್ಣ ಸುತ್ತಿಗೆಯ ಗುರುತುಗಳು ಸುತ್ತಸುತ್ತಾಗಿ ಇವೆ, ಒಂದಕ್ಕೊಂದು ತಾಗದೆ. ಒಳಗೆ ಸುಣ್ಣವಿಲ್ಲ. ತಳದಲ್ಲಿ ಗಟ್ಟಿಯಾಗಿ ಕಂದುಬಣ್ಣಕ್ಕೆ ತಿರುಗಿದ ಮೇಣದ ಒಂದು ತುಣುಕಿದೆ. ಅದರ ವಾಸನೆ ಹೋಗಿ ಎಷ್ಟೋ ಕಾಲವಾಯಿತು. ಆದರೆ ಅಡುಗೆಮನೆಯಿಂದ ಬರುತ್ತಿದ್ದ ಹೊಸ ವಾಸನೆಯನ್ನು ಈ ಹಳೆಯ ಡಬ್ಬಿ ಹೇಗೋ ತನ್ನದನ್ನಾಗಿ ಮಾಡಿಕೊಂಡಿತು. ಡಬ್ಬಿ ಹಿಡಿದು ಕೂತಲ್ಲೇ ಕೂತೆ. ನಾನು ಬಹಳ ವರ್ಷ ಪತ್ರಿಕೆಯ ಕೆಲಸ ಮಾಡಿದವಳು. ಕಣ್ಣಿಂದ ಕಂಡದ್ದನ್ನೂ ಇನ್ನೊಬ್ಬರ ಬಾಯಿಂದ ಕೇಳಿದ್ದನ್ನೂ ಬೆರೆಸದೆ ಬರೆಯುವುದು ರೂಢಿ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಕಾರವಾರದಲ್ಲಿ ಕೋಡಿಬಾಗಕ್ಕೆ ಹೋಗುವ ರಸ್ತೆಯಿಂದ ಸಮುದ್ರದ ಕಡೆಗೆ ಇಳಿಯುವ ಒಂದು ಓಣಿಯ ಕೊನೆಗೆ ನಮ್ಮ ಮನೆ ಇತ್ತು. ಮೂವತ್ತರ ದಶಕದ ಮಾತು. ನಾನು ಆಗ ಹುಡುಗಿ. ಊರವರು ಅದನ್ನು ತಾಮ್ರದ ಮನೆ ಅನ್ನುತ್ತಿದ್ದರು. ಮನೆಗೆ ಹೊದೆಸಿದ್ದು ಎಲ್ಲರ ಮನೆಯ ಹಾಗೆ ಹಂಚೇ. ತಾಮ್ರವಿದ್ದದ್ದು ಎದುರಿನ ತೆಂಗಿನ ಗರಿಯ ಚಪ್ಪರದಲ್ಲಿ. ಅಜ್ಜ, ಅಪ್ಪ, ಚಿಕ್ಕಪ್ಪ ಅಲ್ಲಿ ಕೂತು ತಾಮ್ರದ ತಗಡನ್ನು ಬಡಿದು ಹಂಡೆ, ಕೊಡ, ತಪೇಲಿ ಮಾಡುತ್ತಿದ್ದರು. ಬೆಳಗಿನ ಗಂಜಿ ಮುಗಿದದ್ದೇ ತಿದಿಯ ಉಸಿರು ಸುರುವಾಗುತ್ತಿತ್ತು. ಕಾಯಿಸಿದ ತಾಮ್ರವನ್ನು ನೀರಿಗೆ ಹಾಕಿದಾಗ ಏಳುವ ಹಬೆಯ ವಾಸನೆ, ಮುರುಗಲ ಸಿಪ್ಪೆಯಿಂದ ತಿಕ್ಕಿದಾಗ ಕೈಗೆ ಹತ್ತುವ ಹುಳಿ ವಾಸನೆ ನನ್ನ ಅಂಗಿಯಲ್ಲೂ ಇರುತ್ತಿತ್ತು. ಕಿನ್ನರ ಎಂಬ ಊರಿನವರು ಕಾಳಿ ನದಿಯಲ್ಲಿ ದೋಣಿ ಬಿಟ್ಟುಕೊಂಡು ಬರುತ್ತಿದ್ದರು. ರಾಮನಗುಳಿಯ ತೋಟದವರು ಗಾಡಿ ಕಟ್ಟಿಸಿಕೊಂಡು ಘಟ್ಟದ ಬುಡದಿಂದ ಬಂದು, ಒಂದು ರಾತ್ರಿ ಉಳಿದು ಹಂಡೆ ಒಯ್ಯುತ್ತಿದ್ದರು. ನಮ್ಮ ಮನೆಯ ಹಂಡೆಗೆ ಹೆಸರು, ಗುರುತು ಏನೂ ಕೆತ್ತುತ್ತಿರಲಿಲ್ಲ. ಅಂಕೋಲೆಯ ಯಾವುದೋ ಮನೆಯ ಬಚ್ಚಲಲ್ಲಿ ಬೋರಲು ಹಾಕಿಟ್ಟ ಹಂಡೆಯನ್ನು ಕಂಡು, ಸುತ್ತಿಗೆಯ ಗುರುತಿನ ಸಾಲು ನೋಡಿಯೇ, ಇದು ಕಾರವಾರದ ತಾಮ್ರದ ಮನೆಯದು ಎಂದು ಜನ ಹೇಳುತ್ತಿದ್ದರು. ಇದನ್ನು ನಾನು ಸ್ವತಃ ಕೇಳಿದ್ದೇನೆ. ಕೇಳಿದಾಗ ಬೆನ್ನು ನೆಟ್ಟಗಾದದ್ದೂ ನೆನಪಿದೆ.

ಆ ಚಪ್ಪರದ ಸಪ್ಪಳವನ್ನು ಈಗಿನವರಿಗೆ ಹೇಳಿ ತಿಳಿಸುವುದು ಕಷ್ಟ. ಮೂರು ಸುತ್ತಿಗೆ ಒಂದರ ಬೆನ್ನಿಗೊಂದು ಬೀಳುತ್ತಿದ್ದವು. ಹಂಡೆಯ ಹೊಟ್ಟೆ ಉಬ್ಬಿಸುವಾಗ ಒಬ್ಬ ಅದನ್ನು ಎದೆಗೆ ಒತ್ತಿ ಹಿಡಿದು ತಿರುಗಿಸುತ್ತಿದ್ದ, ಇನ್ನೊಬ್ಬ ಬಡಿಯುತ್ತಿದ್ದ. ಹಿಡಿದವನ ಕಿವಿಗೂ ಬಾಯ್ದೆರೆದ ಹಂಡೆಗೂ ನಡುವೆ ಗೇಣಿನ ಅಂತರವೂ ಇರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಹಗಲು ಮಾತು ನಡೆಯುತ್ತಿದ್ದದ್ದು ಹೆಚ್ಚಾಗಿ ಕೈಯಲ್ಲೇ. ಊಟಕ್ಕೆ ಕರೆಯಲು ಐದು ಬೆರಳು ಕೂಡಿಸಿ ತೋರಿಸುವುದು, ಗಿರಾಕಿ ಬಂದರೆ ತಲೆಗೆ ಮುಂಡಾಸು ಸುತ್ತಿದ ಹಾಗೆ ಮಾಡುವುದು. ಬಾಯಿ ಬಿಟ್ಟು ಮಾತಾಡಿದರೆ ಕೂಗಿಯೇ ಮಾತಾಡುತ್ತಿದ್ದೆವು. ಅಜ್ಜಿಯ ತವರು ಅಂಕೋಲೆಗೆ ಹೋದಾಗ ನಾನೂ ಚಿಕ್ಕಪ್ಪನೂ ಜಗಲಿಯಲ್ಲಿ ಸುಮ್ಮನೆ ಹರಟೆ ಹೊಡೆಯುತ್ತಿದ್ದರೆ, ಅಜ್ಜಿಯ ಅತ್ತಿಗೆ ಒಳಗಿಂದ ಓಡಿ ಬಂದು, “ಎಂತಾಯ್ತ್ರೋ? ಎಂತಕೆ ಹೊಡದಾಡ್ತ್ರಿ?” ಎಂದು ಕೇಳಿದ್ದಳು.

ಅಜ್ಜನಿಗೆ ಕಿವಿ ಹೋದದ್ದು ಒಂದೇ ದಿನದಲ್ಲಲ್ಲ, ಒಂದೇ ಸಲಕ್ಕೂ ಅಲ್ಲ. ಹೋಗುವ ಕ್ರಮವನ್ನು ಅಜ್ಜಿ ಗಮನಿಸಿದ್ದಳು. ನನಗೆ ಹೇಳಿದವಳೂ ಅವಳೇ. ಮೊದಲು ಸೊಳ್ಳೆ ಹೋಯಿತಂತೆ. ನಿನಗೆ ಮಾತ್ರ ಸೊಳ್ಳೆಯ ಕಾಟ ಎಂದು ಅಜ್ಜ ಅವಳನ್ನೇ ಗೇಲಿ ಮಾಡಿದನಂತೆ. ಆಮೇಲೆ ಮಳೆಗಾಲದ ಕೀಟಗಳು ಹೋದವು, ಹಕ್ಕಿಗಳಲ್ಲಿ ಸಣ್ಣ ದನಿಯವು ಹೋದವು. ಆಮೇಲೆ ಮಕ್ಕಳ ಮಾತು, ಅದರ ಹಿಂದೆಯೇ ಹೆಂಗಸರ ಮಾತು. ಬಂದರಿನಲ್ಲಿ ಮುಂಬಯಿಯ ಸ್ಟೀಮರು ಕೂಗಿದರೆ ಅಜ್ಜ ತಲೆ ಎತ್ತುತ್ತಿದ್ದ. ಗಂಡಸರು ಎದುರಿಗೆ ಕೂತು ಮಾತಾಡಿದರೆ ಅಷ್ಟಿಷ್ಟು ತಿಳಿಯುತ್ತಿತ್ತು. ಅಜ್ಜಿ ಮಗ್ಗುಲಲ್ಲಿ ನಿಂತು ಹೇಳಿದ್ದು ಮಾತ್ರ ತಲುಪುತ್ತಿರಲಿಲ್ಲ. “ಸಪ್ಪಳ ಎಲ್ಲಾ ಕೇಳ್ತದೆ ನಂಗೆ. ನೀವು ಎಲ್ಲಾರೂ ಬಾಯಲ್ಲಿ ಅಕ್ಕಿ ತುಂಬ್ಕೊಂಡು ಮಾತಾಡಿದ್ರೆ ನಾ ಎಂತ ಮಾಡ್ಲಿ?” ಎಂದು ನಮ್ಮ ಮೇಲೆಯೇ ರೇಗುತ್ತಿದ್ದ. ಹಗಲೂ ರಾತ್ರಿಯೂ ಬಲಗಿವಿಯಲ್ಲಿ ಒಂದು ಜೀರುಂಡೆ ಕೂಗುತ್ತದೆ ಎಂದು ಅಜ್ಜಿಯ ಹತ್ತಿರ ಮಾತ್ರ ಹೇಳಿಕೊಂಡಿದ್ದ. ಅದನ್ನು ಓಡಿಸಲು ಬೆಳ್ಳುಳ್ಳಿ ಹುರಿದ ಬಿಸಿ ಎಣ್ಣೆ ಬಿಟ್ಟುಕೊಳ್ಳುವುದು, ತಾಮ್ರದ ತಂತಿಯಿಂದ ಕೆದಕಿಕೊಳ್ಳುವುದು ನಡೆದೇ ಇತ್ತು. ಕೇಳುವುದಿಲ್ಲ ಎಂದು ಮಾತ್ರ ಯಾರ ಎದುರಿಗೂ ಒಪ್ಪಿಕೊಳ್ಳುತ್ತಿರಲಿಲ್ಲ. ಗಿರಾಕಿ ಏನು ಹೇಳಿದರೂ ಮುಖ ನೋಡಿ ತಲೆಯಾಡಿಸುತ್ತಿದ್ದ.

ಇದರಲ್ಲೊಂದು ವಿಚಿತ್ರವಿತ್ತು. ತಾಮ್ರ ಬಡಿಯುವವರಲ್ಲಿ ಕಿವಿ ಮಂದವಾಗುವುದು ಅವಮಾನವಾಗಿರಲಿಲ್ಲ, ಅದು ಮರ್ಯಾದೆಯ ಗುರುತು. ಪೂರ್ತಿ ಕೆಲಸ ಕಲಿತವನನ್ನು ನಮ್ಮಲ್ಲಿ ಕಾರಾಗೀರ ಎನ್ನುತ್ತಿದ್ದರು. ಹುಡುಗನಿಗೆ ಆ ಹೆಸರು ಕೊಡುವ ಮುಂಚೆ ಒಂದು ಪರೀಕ್ಷೆ ಇತ್ತು. ಕೆಲಸದ ನಡುವೆ ಎಲ್ಲರೂ ಒಮ್ಮೆಲೇ ಸುತ್ತಿಗೆ ನಿಲ್ಲಿಸಬೇಕು. ಯಜಮಾನ ಹುಡುಗನ ಬೆನ್ನ ಹಿಂದೆ ನಿಂತು ಮೆಲ್ಲಗೆ ಅವನ ಹೆಸರು ಹೇಳಬೇಕು. ತಿರುಗಿ ನೋಡಿದರೆ ಇನ್ನೂ ಹಸಿ, ಮತ್ತೆ ತಿದಿ ಒತ್ತಲು ಹೋಗಬೇಕು. ತಿರುಗದಿದ್ದರೆ ತಾಮ್ರ ಅವನೊಳಗೆ ಇಳಿದಿದೆ ಎಂದು ಲೆಕ್ಕ. ಅವನಿಗೆ ಅಡಿಗಲ್ಲಿನ ಮುಂದೆ ಸ್ವಂತ ಮಣೆ, ಸ್ವಂತ ಸುತ್ತಿಗೆ. ಹಂಡೆಯ ಬಗ್ಗೆ ಗಿರಾಕಿಯ ಎದುರಿಗೆ ಮಾತಾಡುವ ಹಕ್ಕೂ ಅಂದಿನಿಂದ. ಮಣೆ ಸಿಕ್ಕ ಮೇಲೆಯೇ ಹೆಣ್ಣು ಕೊಡುವವರೂ ಬರುತ್ತಿದ್ದರು. ಹೊಟ್ಟೆಗೆ ಹಾಕುವ ಕಸುಬು ಬದಲಿಗೆ ಕಿವಿಯನ್ನು ಬೇಡುತ್ತದೆ, ಕೊಡೋಣ ಎಂಬ ಹಾಗೆ ಎಲ್ಲರೂ ನಡೆದುಕೊಂಡಿದ್ದರು.

ನನ್ನ ಚಿಕ್ಕಪ್ಪ ಪಾಂಡು ಆಗ ಮೀಸೆ ಮೂಡುವ ವಯಸ್ಸಿನವನು. ಕೈ ಕೆಲಸದಲ್ಲಿ ತನಗಿಂತ ಚೊಕ್ಕ ಎಂದು ನನ್ನ ಅಪ್ಪನೇ ಹೇಳುತ್ತಿದ್ದ. ಆದರೆ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಸೋಲುತ್ತಿದ್ದ, ಏಕೆಂದರೆ ಅವನ ಕಿವಿ ಬಹಳ ಚುರುಕು. ಹಿತ್ತಿಲಲ್ಲಿ ತೆಂಗಿನಕಾಯಿ ಬಿದ್ದರೆ ಯಾವ ಮರದ್ದೆಂದು ಹೇಳುತ್ತಿದ್ದ. ಕೇಳದವನ ಹಾಗೆ ನಟಿಸಲು ನೋಡುತ್ತಿದ್ದ, ಆದರೆ ಹೆಸರು ಕಿವಿಗೆ ಬಿದ್ದದ್ದೇ ಭುಜ ಅವನನ್ನು ಕೇಳದೆ ಅಲ್ಲಾಡಿಬಿಡುತ್ತಿತ್ತು. ಇನ್ನೊಂದು ತೊಡಕೂ ಇತ್ತು. ಅಜ್ಜನಿಗೆ ತನ್ನ ದನಿ ಎಷ್ಟು ದೊಡ್ಡದೆಂದು ಗೊತ್ತಾಗುತ್ತಿರಲಿಲ್ಲ. ಅವನು ಮೆಲ್ಲಗೆ ಎಂದುಕೊಂಡು ಹೇಳಿದ “ಪಾಂಡೂ” ಓಣಿ ದಾಟಿ ರಸ್ತೆಯವರೆಗೆ ಹೋಗುತ್ತಿತ್ತು. ಒಮ್ಮೆ ರಸ್ತೆಯಲ್ಲಿ ಹೋಗುತ್ತಿದ್ದ ಇನ್ಯಾವನೋ ಪಾಂಡು ಓಣಿಗೆ ಇಳಿದು ಬಂದು, “ಕರದ್ರಾ?” ಎಂದು ಕೇಳಿದ್ದನ್ನು ನಾನು ಕಂಡಿದ್ದೇನೆ. ಹೀಗೆ, ಕೇಳಿಸದ ಅಜ್ಜ ಕೇಳುತ್ತದೆ ಎಂದು ನಟಿಸುವ, ಕೇಳಿಸುವ ಮಗ ಕೇಳುವುದಿಲ್ಲ ಎಂದು ನಟಿಸುವ ಮನೆ ನಮ್ಮದಾಗಿತ್ತು. ಇಬ್ಬರ ನಡುವೆ ಅಜ್ಜಿ ನಿಂತಿದ್ದಳು. ಅವಳಿಗೆ ಬೇಕಾದದ್ದು ಒಂದೇ. ಗಂಡನ ಕಿವಿ ಹೋಗಿತ್ತು, ದೊಡ್ಡ ಮಗನದು ಹೋಗುತ್ತಿತ್ತು, ಪಾಂಡುವಿನದು ಉಳಿಯಬೇಕು. “ನಾ ಸಾಯ್ವಾಗ ಎಂತಾರೂ ಹೇಳಿದ್ರೆ ತಿಳ್ಕೊಳ್ಳೂಕೆ ಈ ಮನೇಲಿ ಒಬ್ಬ ಗಂಡಸಾದ್ರೂ ಬೇಕಲ್ದಾ?” ಎಂದು ನನ್ನ ಆಯಿಯ, ಅಂದರೆ ಅಮ್ಮನ, ಹತ್ತಿರ ಹೇಳಿ ನಗುತ್ತಿದ್ದಳು.

ಅಜ್ಜನ ಕಿವಿಯಿಂದ ಒಮ್ಮೆ ರಕ್ತ ಬಂತು. ತಂತಿಯ ಕೆಲಸ. ಆಗ ಅಜ್ಜಿ ಹಟ ಮಾಡಿ ಅವನನ್ನು ಊರಿನ ಡಾಕ್ಟರರ ಹತ್ತಿರ ಒಯ್ದಳು. ನನ್ನ ಕೈ ಹಿಡಿದು ತಾನೂ ಹೋಗಿ ಬಾಗಿಲ ಮರೆಯಲ್ಲಿ ನಿಂತಳು. ಡಾಕ್ಟರರು ಕಿವಿಯೊಳಗೆ ನೋಡಿ, ಎರಡು ಕವಲಿನ ಉಕ್ಕಿನ ಕಡ್ಡಿಯೊಂದನ್ನು ಮಂಡಿಗೆ ತಟ್ಟಿ ಅಜ್ಜನ ಕಿವಿಯ ಹತ್ತಿರ ಹಿಡಿದರು. ಕೇಳುತ್ತದೆಯೇ ಎಂದರು. ಅಜ್ಜ ಆ ಕಡ್ಡಿಯನ್ನೇ ಅವರ ಕೈಯಿಂದ ತೆಗೆದುಕೊಂಡು, ತಾನೇ ತಟ್ಟಿ, ಬೆರಳ ತುದಿಯಿಂದ ಮುಟ್ಟಿ ನೋಡಿ, “ಚಲೋ ಉಕ್ಕು” ಎಂದ. ಡಾಕ್ಟರರು ನಕ್ಕರು. ಆಮೇಲೆ ಬಾಗಿಲ ಕಡೆಗೆ ತಿರುಗಿ ಅಜ್ಜಿಗೇ ಹೇಳಿದರು. ಆ ಮಾತು ನನಗೆ ನೆನಪಿದೆ. “ಕಿವಿಯ ಒಳಗೆ, ನಿಮ್ಮ ಕಣ್ಣಿಗೆ ಕಾಣದ ಜಾಗದಲ್ಲಿ, ಭತ್ತದ ಸಸಿಯ ಹಾಗೆ ಸಣ್ಣ ಸಣ್ಣ ಕೂದಲು ಇರ್ತದೆ ತಾಯೀ. ದೊಡ್ಡ ಸಪ್ಪಳ ಅಂದರೆ ಅದಕ್ಕೆ ಬಿರುಗಾಳಿ. ಒಂದು ದಿನ ಬಿದ್ದರೆ ಸಸಿ ಮತ್ತೆ ಏಳ್ತದೆ. ದಿನಾ ಬಿದ್ದರೆ ಏಳೋದಿಲ್ಲ. ಹೋದದ್ದನ್ನ ನಾನು ತಂದುಕೊಡಲಾರೆ. ಉಳಿದದ್ದನ್ನ ಉಳಿಸಿಕೊಳ್ಳಿ.” ಎಣ್ಣೆಯನ್ನೂ ತಂತಿಯನ್ನೂ ಬಿಡಬೇಕು, ಕೆಲಸಕ್ಕೆ ಕೂಡುವಾಗ ಕಿವಿ ಮುಚ್ಚಿಕೊಳ್ಳಬೇಕು, ನಡುವೆ ಕಿವಿಗೆ ವಿಶ್ರಾಂತಿ ಕೊಡಬೇಕು ಎಂದರು. ದಾರಿಯಲ್ಲಿ ಅಜ್ಜಿ ಇದನ್ನೆಲ್ಲ ಅಜ್ಜನಿಗೆ ಕೂಗಿ ಹೇಳಿದಳು. ಅಜ್ಜ ತಲೆಯಾಡಿಸಿದ. ಮರುದಿನ ಮೊದಲಿನ ಹಾಗೆಯೇ ಚಪ್ಪರಕ್ಕೆ ಹೋಗಿ ಕೂತ.

ಅಜ್ಜಿ ಗಂಡನನ್ನು ಬಿಟ್ಟು ಮಗನ ಕಡೆಗೆ ತಿರುಗಿದಳು. ಮೊದಲು ಪಾಂಡು ಚಿಕ್ಕಪ್ಪನ ಕಿವಿಗೆ ಬರಿಯ ಹತ್ತಿ ತುರುಕಿದಳು. ಬೆನ್ನ ಹಿಂದೆ ನಿಂತು ಬೀಗದಕೈ ಗೊಂಚಲನ್ನು ಅಲ್ಲಾಡಿಸಿ, “ಕೇಳ್ತದಾ?” ಎಂದು ಕೇಳಿದಳು. “ಕೇಳ್ತದೆ. ನೀ ಕೇಳಿದ್ದೂ ಕೇಳ್ತದೆ” ಎಂದ ಚಿಕ್ಕಪ್ಪ. ಹತ್ತಿಯನ್ನು ಎಣ್ಣೆಯಲ್ಲಿ ನೆನೆಸಿ ನೋಡಿದಳು; ಅದು ಜಾರಿ ಬಿತ್ತು. ಕೊನೆಗೆ ಅಂಕೋಲೆಯ ಸಂತೆಗೆ ರಾಮನಗುಳಿಯ ಕಡೆಯ ಕಾಡಿನವರು ಜೇನಿನ ಜೊತೆ ತರುತ್ತಿದ್ದ ಮೇಣವನ್ನು ಅವಳ ಅಣ್ಣ ಕಟ್ಟಿ ಕಳಿಸಿದ. ಅದನ್ನು ಕೊಬ್ಬರಿ ಎಣ್ಣೆಯಲ್ಲಿ ಮೆತ್ತಗೆ ಮಾಡಿ, ಹತ್ತಿಗೆ ಕೂಡಿಸಿ ಹಿಸುಕಿ ಹಿಸುಕಿ, ಕಡಲೆಕಾಳಿಗಿಂತ ತುಸು ದೊಡ್ಡ ಉಂಡೆ ಮಾಡಿದಳು. ಒಳಗೆ ತಳ್ಳಬಾರದು, ಕಿವಿಯ ಬಾಯಿಗೆ ಬಿರಡೆಯ ಹಾಗೆ ಕೂರಬೇಕು, ಹೊರಗಿಂದ ಹಿಡಿದು ತೆಗೆಯಲು ಬರಬೇಕು ಎಂಬುದು ಅವಳ ಲೆಕ್ಕ. ಬೀಗದಕೈ ಅಲ್ಲಾಡಿಸಿದಳು. ಚಿಕ್ಕಪ್ಪ ಸುಮ್ಮನೆ ಕೂತಿದ್ದ. ನನಗೆ ಕಣ್ಣು ಹೊಡೆದು ಅಜ್ಜಿ ಇನ್ನೂ ಜೋರಾಗಿ ಅಲ್ಲಾಡಿಸಿದಳು. ಅವನು ಮುಂಗೈಯ ಮೇಲೆ ಕೂತ ನೊಣವನ್ನು ನೋಡುತ್ತಿದ್ದ. ಅಂದು ಅವಳು ಸುಣ್ಣದ ಡಬ್ಬಿಯಿಂದ ಸುಣ್ಣ ಕೆರೆದು ತೆಗೆದು, ತೊಳೆದು, ಉಂಡೆಗಳನ್ನು ಅದರಲ್ಲಿಟ್ಟಳು. ಎಲೆಗೆ ಸುಣ್ಣ ಬೇಕಾದರೆ ನೆರೆಮನೆಯಿಂದ ಕೇಳಿ ತರುವುದಾಯಿತು. ದಿನಾ ಬೆಳಿಗ್ಗೆ ಚಪ್ಪರಕ್ಕೆ ಹೋಗುವ ಮುಂಚೆ ಚಿಕ್ಕಪ್ಪ ಅಡುಗೆಮನೆಗೆ ಬಂದು ಬಗ್ಗುತ್ತಿದ್ದ. ಅವಳು ಉಂಡೆ ಕೂಡಿಸಿ ಮೇಲಿಂದ ಪಂಜೆಯ ತಲೆಸುತ್ತು ಬಿಗಿಯುತ್ತಿದ್ದಳು. ಸಂಜೆ ಅವಳೇ ತೆಗೆದು, ಬಿಸಿನೀರಲ್ಲಿ ಅದ್ದಿ ಒರೆಸಿಡುತ್ತಿದ್ದಳು. ಅಜ್ಜನಿಗೆ ಇದು ಗೊತ್ತಿರಲಿಲ್ಲ.

ಹಾಗಾಗಿ ಮುಂದಿನ ಸಲ ಸುತ್ತಿಗೆಗಳು ನಿಂತಾಗ, ಅಜ್ಜ ಮಗನ ಬೆನ್ನ ಹಿಂದೆ ನಿಂತು “ಪಾಂಡೂ” ಎಂದಾಗ, ಚಿಕ್ಕಪ್ಪ ತಿರುಗಲಿಲ್ಲ. ಭುಜವೂ ಅಲ್ಲಾಡಲಿಲ್ಲ. ಅಜ್ಜ ಇನ್ನೊಮ್ಮೆ ಕರೆದ. ರಸ್ತೆಯಲ್ಲಿ ನಾಯಿ ಬೊಗಳಿತು. ಚಿಕ್ಕಪ್ಪ ತನ್ನ ತಗಡನ್ನು ನೋಡುತ್ತಿದ್ದ. ಅಜ್ಜನ ಮುಖ ಅರಳಿದ್ದನ್ನು ನಾನು ಕಂಡೆ. ಮಗನ ಬೆನ್ನು ತಟ್ಟಿ, ಒಳಗೆ ಬಂದು, “ನಿನ್ನ ಮಗ ಕಾರಾಗೀರ ಆದ, ಕೆಮಿ ಹೋಯ್ತು!” ಎಂದು ಅಜ್ಜಿಗೆ ಸಾರಿದ. ಕೆಮಿ ಅಂದರೆ ನಮ್ಮ ಕಡೆ ಕಿವಿ. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸಂತೋಷಕ್ಕೆ ಅಳುತ್ತಿದ್ದಾಳೆ ಎಂದು ಅಜ್ಜ ತಿಳಿದ. ಅವಳೂ ಆಯಿಯೂ ಅಕ್ಕಿಯ ಮುಡಿಯ ಹಿಂದೆ ಕೂತು ನಕ್ಕ ನಗು ಅಂದು ಸಂಜೆಯವರೆಗೆ ನಿಂತಿರಲಿಲ್ಲ. ಸಿಹಿ ಅವಲಕ್ಕಿ ಹಂಚಿದರು. ಚಿಕ್ಕಪ್ಪನಿಗೆ ಅಡಿಗಲ್ಲಿನ ಎಡಗಡೆಯ ಮಣೆ ಸಿಕ್ಕಿತು.

ಆ ಬೇಸಗೆಯಲ್ಲಿ ತೋಡೂರಿನಿಂದ ಒಂದು ದೊಡ್ಡ ಹಂಡೆಗೆ ಹೇಳಿಕೆ ಬಂತು. ಅದು ಒಬ್ಬರ ಮನೆಯದಲ್ಲ, ಊರ ಹಂಡೆ. ಯಾರ ಮನೆಯಲ್ಲಿ ಮದುವೆಯಾದರೂ ನೀರು ಕಾಯಿಸಲು ಅದೇ ಹೋಗಬೇಕು. ಹಳೆಯದು ತಳ ಸವೆದು ಸೋರುತ್ತಿತ್ತು. ಮೂವರೂ ಅದಕ್ಕೇ ಕೂತರು. ತಾಮ್ರವನ್ನು ಬಡಿಯುತ್ತ ಹೋದಂತೆ ಅದು ಸೆಡೆದು ಗಟ್ಟಿಯಾಗುತ್ತದೆ, ಬಡಿತದ ದನಿ ಏರುತ್ತ ಹೋಗುತ್ತದೆ. ದನಿ ಒಂದು ಮಟ್ಟಕ್ಕೆ ಏರಿದಾಗ ಬಡಿಯುವುದನ್ನು ನಿಲ್ಲಿಸಿ ಮತ್ತೆ ಕಾಯಿಸಿ ಮೆತ್ತಗೆ ಮಾಡಬೇಕು. ತಡವಾದರೆ ಒಳಗೇ ಸೀಳುತ್ತದೆ. ಕಣ್ಣಿಗೆ ಕಾಣದ ಸೀಳು. ತಣ್ಣೀರು ತುಂಬಿದರೆ ಒಂದು ಹನಿಯೂ ಹೊರಗೆ ಬರುವುದಿಲ್ಲ. ಬೆಂಕಿಯ ಮೇಲೆ ಕುದಿಯುವ ನೀರು ತುಂಬಿ ನಿಂತಾಗ ಬಾಯಿ ಬಿಡುತ್ತದೆ, ಸುತ್ತ ನಿಂತವರ ಮೈಮೇಲೆ. ಹಂಡೆಯ ಕುತ್ತಿಗೆಯನ್ನು ಯಾವಾಗಲೂ ಅಜ್ಜನೇ ಬಡಿಯುತ್ತಿದ್ದ. ಆ ಏರುವ ದನಿ ಯಾವ ಮಟ್ಟದಲ್ಲಿತ್ತೋ ಅದೇ ಮಟ್ಟದ್ದೆಲ್ಲ ಅವನ ಕಿವಿಯಿಂದ ಮೊದಲೇ ಹೋಗಿತ್ತು. ಕೈಯ ಅಂದಾಜಿನಲ್ಲಿ ನಡೆಸುತ್ತಿದ್ದ. ಚಿಕ್ಕ ಕೊಡಗಳಲ್ಲಿ ನಡೆದಿತ್ತು.

ಹಂಡೆ ಒಯ್ಯಲು ತೋಡೂರಿನ ಊರಗೌಡರು ಗಾಡಿ ತಂದ ಬೆಳಿಗ್ಗೆ ಚಪ್ಪರದಲ್ಲಿ ಕೆಲಸವಿರಲಿಲ್ಲ. ಚಿಕ್ಕಪ್ಪನ ಉಂಡೆಗಳು ಡಬ್ಬಿಯಲ್ಲೇ ಇದ್ದವು. ಒಪ್ಪಿಸುವ ಮುಂಚೆ ಗಿರಾಕಿಯ ಎದುರಿಗೆ ಹಂಡೆಯ ದನಿ ನೋಡುವುದು ಪದ್ಧತಿ. ಹಿಡಿಕೆಯ ಎರಡು ಕಡಗಗಳಿಗೆ ಹಗ್ಗ ಹಾಕಿ ಚಪ್ಪರದ ತೊಲೆಗೆ ತೂಗುಬಿಟ್ಟರು. ಅಜ್ಜ ಬಟ್ಟೆ ಸುತ್ತಿದ ಮರದ ಕೊಡತಿಯಿಂದ ಒಂದೇ ಪೆಟ್ಟು ಕೊಟ್ಟ. ದನಿ ತಾನಾಗಿ ಅಡಗುವವರೆಗೆ ಯಾರೂ ಉಸಿರೆತ್ತಬಾರದು. ಅಡಗಿದ ಮೇಲೆ ಯಜಮಾನ ಕೈ ಎತ್ತಬೇಕು, ಆಗ ಹಂಡೆ ಗಿರಾಕಿಯದು. ದನಿ ಎದ್ದು ಚಪ್ಪರ ತುಂಬಿತು. ಅಜ್ಜ ಅಪ್ಪನ ಮುಖ ನೋಡುತ್ತಿದ್ದ, ಯಾವಾಗ ಮುಗಿಯಿತೆಂದು ತಿಳಿಯಲು. ಅಪ್ಪ ಅಜ್ಜನ ಮುಖ ನೋಡುತ್ತಿದ್ದ. ದನಿ ಇಳಿಯುವ ಹೊತ್ತಿಗೆ ಅದರ ಅಡಿಯಲ್ಲಿ ಒಂದು ನೊಣ ಸಿಕ್ಕಿಕೊಂಡ ಹಾಗೆ ಜರ್ ಎಂದಿತು. ಅಡುಗೆಮನೆಯ ಬಾಗಿಲಲ್ಲಿ ನಿಂತ ನನಗೆ ಅದು ಕೇಳಿತು. ನನ್ನ ಹೆಗಲ ಮೇಲಿದ್ದ ಅಜ್ಜಿಯ ಕೈ ಬಿಗಿಯಾಯಿತು, ಅವಳಿಗೂ ಕೇಳಿತ್ತು. ಆಯಿ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. ಆದರೆ ಗಿರಾಕಿಯ ಎದುರಿಗೆ ಹಂಡೆಯ ವಿಷಯಕ್ಕೆ ಹೆಂಗಸರು ಬಾಯಿ ಹಾಕುವಂತಿರಲಿಲ್ಲ. ಅಜ್ಜ ಕೈ ಎತ್ತಿದ. ಗೌಡರ ಆಳುಗಳು ಹಗ್ಗ ಬಿಚ್ಚಲು ಮುಂದೆ ಬಂದರು.

ಅಜ್ಜಿ ಚಿಕ್ಕಪ್ಪನನ್ನು ನೋಡಿದಳು. ಅವನಿಗೂ ಕೇಳಿತ್ತು. ಕೇಳಿತು ಎಂದರೆ ತಾನು ಕಾರಾಗೀರನಲ್ಲ ಎಂದಾಗುತ್ತದೆ. ಅಜ್ಜನಿಗೆ ಕೇಳಲಿಲ್ಲ ಎಂದು ಊರಿಗೆ ಸಾರಿದ ಹಾಗೂ ಆಗುತ್ತದೆ, ಏಕೆಂದರೆ ಅವನಿಗೆ ಗುಟ್ಟಾಗಿ ಏನನ್ನೂ ಹೇಳುವಂತಿರಲಿಲ್ಲ. ಕೂಗಿದರೆ ಮಾತ್ರ ತಲುಪುತ್ತಿತ್ತು. ಅವನು ಕೂಗಲಿಲ್ಲ. ಮುಂದೆ ಹೋಗಿ ಅಜ್ಜನ ಬಲಗೈ ಹಿಡಿದು ಹಂಡೆಯ ಹೊಟ್ಟೆಯ ಮೇಲೆ ಇರಿಸಿ, ಬೆರಳ ಗೆಣ್ಣಿನಿಂದ ತಟ್ಟಿದ. ಆಮೇಲೆ ಅದೇ ಕೈಯನ್ನು ಕುತ್ತಿಗೆಯ ಮೇಲೆ, ಎಡಗಡೆಯ ಕಡಗದ ಕೆಳಗೆ ಒಯ್ದು ಮತ್ತೆ ತಟ್ಟಿದ. ಅಜ್ಜ ಕಣ್ಣು ಮುಚ್ಚಿದ. ಇನ್ನೊಮ್ಮೆ ಎಂದು ತಲೆ ಅಲ್ಲಾಡಿಸಿದ. ಚಿಕ್ಕಪ್ಪ ತಟ್ಟಿದ. ಅಜ್ಜನ ಬೆರಳುಗಳು ಒಂದು ಕಡೆ ನಿಂತವು.

“ನಿಂಗೆ ಕೇಳ್ತಾ?” ಎಂದ ಅಜ್ಜ. ಅವನ ಪಿಸುಮಾತು ಗಾಡಿಯ ಎತ್ತುಗಳಿಗೂ ಕೇಳಿಸುವಂತಿತ್ತು.

ಚಿಕ್ಕಪ್ಪ ಹೌದೆಂದು ತಲೆಯಾಡಿಸಿದ.

ಊರಗೌಡರು ಹಿರಿಯರು, ತಮಾಷೆಯ ಮನುಷ್ಯ. ನಮ್ಮ ಪದ್ಧತಿ ಅವರಿಗೂ ಗೊತ್ತಿತ್ತು. “ಎಂತ ಯಜಮಾನ್ರೇ, ಮಗ ಕಾರಾಗೀರ ಆದ ಅಂತ ಅವಲಕ್ಕಿ ಹಂಚಿದ್ರಂತೆ. ಅಂವಂಗೆ ಇನ್ನೂ ಕೇಳ್ತದಲ್ರಾ! ಅವಲಕ್ಕಿ ಪುಕ್ಕಟೆ ಹೋಯ್ತು” ಎಂದು ನಕ್ಕರು. ಅವರ ಆಳುಗಳೂ ನಕ್ಕರು. ಅಜ್ಜನಿಗೆ ಮಾತು ತಿಳಿಯಲಿಲ್ಲ, ನಗು ತಿಳಿಯಿತು. ಏನೆಂದು ಮಗನ ಕಡೆ ನೋಡಿದ. ಚಿಕ್ಕಪ್ಪ ಅವನ ಕಿವಿಗೆ ಬಾಯಿಟ್ಟು, ಗೌಡರು ಹೇಳಿದ್ದನ್ನು ಒಂದು ಅಕ್ಷರ ಬಿಡದೆ ಕೂಗಿ ಹೇಳಿದ. ಅಜ್ಜ ಹಂಡೆಯ ಕಡೆ ತಿರುಗಿದ. ಆಮೇಲೆ ಉಳಿ ತೆಗೆದುಕೊಂಡು ಕುತ್ತಿಗೆಯ ಅದೇ ಜಾಗಕ್ಕೆ ಇಟ್ಟು, ಗೌಡರ ಕಣ್ಣೆದುರಿಗೆ ಹೊಡೆದ. ತಾಮ್ರ ಸೀಳಿನ ದಾರಿಯಲ್ಲೇ ಬಿರಿಯಿತು. ಒಳಗೆ ಹೊಳಪಿರಲಿಲ್ಲ, ಹಳೆಯ ಬಿರುಕಿನ ಕಪ್ಪಿತ್ತು. ಗೌಡರ ನಗು ನಿಂತಿತು. ಕುದಿಯುವ ನೀರು, ಮದುವೆಯ ಮನೆ, ಅದರ ಸುತ್ತ ಓಡಾಡುವ ಮಕ್ಕಳು ಅವರ ಕಣ್ಣಿಗೆ ಕಟ್ಟಿರಬೇಕು.

“ನನ್ನ ಕೆಮಿ ಹೋಗಿದೆ ಗೌಡ್ರೇ,” ಎಂದ ಅಜ್ಜ. ಜೀವಮಾನದಲ್ಲಿ ಮೊದಲ ಸಲ ಅವನು ಅದನ್ನು ಹೇಳಿದ್ದು. “ಕುತ್ತಿಗೆ ಬಡದವ ನಾನು. ಸೀಳು ಹಿಡದವ ಇಂವ. ಅವಲಕ್ಕಿ ಪುಕ್ಕಟೆ ಹೋಗ್ಲಿಲ್ಲ, ಇಂವ ಇವತ್ತು ಕಾರಾಗೀರ ಆದ. ನಿಮ್ಮ ಹಂಡೆ ಹೊಸತು ಮಾಡಿ ತೋಡೂರಿಗೆ ನಾವೇ ತರ್ತೇವೆ.”

ಗಾಡಿ ಬರಿದಾಗಿ ಹೋಯಿತು. ಅಜ್ಜ ಒಳಗೆ ಬಂದು ಅಜ್ಜಿಯ ಎದುರಿಗೆ ಮಣೆ ಹಾಕಿ ಕೂತ. ಅವಳು ಸುಣ್ಣದ ಡಬ್ಬಿ ತೆಗೆದು ಅವನ ಕೈಗಿಟ್ಟಳು. ಅವನು ಉಂಡೆಯನ್ನು ಹಿಸುಕಿ ನೋಡಿ, ಮೂಸಿ ನೋಡಿ, “ಇದೆಂತ, ಕೆಮಿಗೆ ಲಾಡು ಮಾಡಿದ್ಯಾ?” ಎಂದ. ಎಲ್ಲ ತಿಳಿದ ಮೇಲೆ ಬಯ್ಯುತ್ತಾನೆ ಎಂದುಕೊಂಡಿದ್ದೆವು. ಅವನು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ತನ್ನ ಹಳೆಯ ಸುತ್ತಿಗೆಯ ಗುರುತುಗಳನ್ನೇ ನೋಡುತ್ತಿದ್ದ. “ಸುಣ್ಣಕ್ಕೆ ಎಂತ ಮಾಡ್ದೆ?” ಎಂದು ಕೇಳಿದ. ಬೇಡಿ ತಂದೆ ಎಂದು ಅಜ್ಜಿ ಕೈಯಲ್ಲಿ ತೋರಿಸಿದಳು. ಆ ವಾರ ಅವನು ಅವಳಿಗೆ ಇನ್ನೊಂದು ಡಬ್ಬಿ ಮಾಡಿಕೊಟ್ಟ.

ಅಂದಿನಿಂದ ಚಪ್ಪರದ ಕಟ್ಟಳೆ ಬದಲಾಯಿತು. ಉಂಡೆ ಇಲ್ಲದೆ ಯಾರೂ ಸುತ್ತಿಗೆ ಎತ್ತುವಂತಿಲ್ಲ. ಹೋದದ್ದು ಬರುವುದಿಲ್ಲ ಎಂದು ಗೊತ್ತಿದ್ದರೂ ಅಜ್ಜನೂ ಹಾಕಿಕೊಂಡ. ಅಪ್ಪನಿಗೆ ಉಳಿದಿದ್ದ ಅರ್ಧ ಕೊನೆಯವರೆಗೂ ಅಷ್ಟೇ ಉಳಿಯಿತು. ನಡುಮಧ್ಯಾಹ್ನ ಸುತ್ತಿಗೆಗಳು ಮಲಗಬೇಕು. ಮನೆಯಲ್ಲಿ ಕೂಸು ಹುಟ್ಟಿದರೆ ತೊಟ್ಟಿಲು ಸಪ್ಪಳದಿಂದ ದೂರ, ಹಿತ್ತಿಲ ಕೋಣೆಯಲ್ಲಿ. ಬೆಳ್ಳುಳ್ಳಿ ಎಣ್ಣೆ ಅಡುಗೆಗೆ ಮಾತ್ರ. ಕುತ್ತಿಗೆ ಬಡಿಯುವಾಗ ನಡುನಡುವೆ ಸುತ್ತಿಗೆ ನಿಲ್ಲಿಸಿ, ಉಂಡೆ ತೆಗೆದು, ತಟ್ಟಿ ದನಿ ನೋಡುವವನು ಚಿಕ್ಕಪ್ಪ; ಒಪ್ಪಿಸುವಾಗ ಕೈ ಎತ್ತುವವನೂ ಅವನೇ. ಪರೀಕ್ಷೆಯನ್ನು ಅಜ್ಜ ಬಿಡಲಿಲ್ಲ, ತಿರುಗಿಸಿದ. ಮುಂದೆ ನಮ್ಮಲ್ಲಿ ಕೆಲಸ ಕಲಿಯಲು ಬಂದ ಹುಡುಗರನ್ನು ಸಂಜೆ ಸಾಲಾಗಿ ಕೂರಿಸಿ ಹಿಂದಿನಿಂದ ಹೆಸರು ಕರೆಯಲಾಗುತ್ತಿತ್ತು. ತಿರುಗಿ ನೋಡಿದವನಿಗೆ ಮಣೆ. ಕರೆಯುವ ಕೆಲಸವನ್ನು ಮಾತ್ರ ಅಜ್ಜನ ಕೈಯಿಂದ ತೆಗೆದು ಅಜ್ಜಿಗೆ ಕೊಟ್ಟರು, ಏಕೆಂದರೆ ಅಜ್ಜ ಕರೆದರೆ ರಸ್ತೆಯವರೆಲ್ಲ ಕಾರಾಗೀರರಾಗುತ್ತಿದ್ದರು. ತೋಡೂರಿನ ಹಂಡೆಯನ್ನು ಹೊಸದಾಗಿ ಮಾಡಿ ಒಯ್ದಾಗ ನಾನೂ ಗಾಡಿಯಲ್ಲಿ ಹೋಗಿದ್ದೆ. ಗೌಡರು ಊರವರನ್ನು ಕೂಡಿಸಿ, ಇದು ಕಿವಿಯಿರುವ ಮನೆಯ ಹಂಡೆ ಎಂದು ಹೇಳಿದರು. ನನ್ನ ಪಾಲಿಗೆ ಆ ಮಾತಿನಷ್ಟು ದೊಡ್ಡ ಬಿರುದನ್ನು ಯಾವ ಮನೆತನವೂ ಪಡೆದಿಲ್ಲ.

ಆ ಚಪ್ಪರ ಈಗಿಲ್ಲ. ಅಲ್ಯುಮಿನಿಯಂ ಬಂತು, ಆಮೇಲೆ ಸ್ಟೀಲು. ಓಣಿಯ ಕೊನೆಗೆ ಬೇರೆಯವರ ಎರಡಂತಸ್ತಿನ ಮನೆ ನಿಂತಿದೆ. ತೋಡೂರಿನ ಹಂಡೆ ಯಾರ ಮನೆಯಲ್ಲಿದೆಯೋ, ಕರಗಿಹೋಯಿತೋ, ಕೇಳಿ ತಿಳಿಯಲು ನನಗೆ ಆಗಲಿಲ್ಲ. ಪಾಂಡು ಚಿಕ್ಕಪ್ಪ ಮುಪ್ಪಿನಲ್ಲಿ ಕಣ್ಣು ಮಂಜಾದ ಮೇಲೂ ನಾನು ಅಂಗಳಕ್ಕೆ ಕಾಲಿಟ್ಟರೆ ಹೆಜ್ಜೆಯಿಂದಲೇ ನನ್ನ ಹೆಸರು ಹೇಳುತ್ತಿದ್ದ. ನಿಮ್ಮ ಮನೆಯಲ್ಲೂ ಹೀಗೆ ಒಂದು ಸಪ್ಪಳ ನಿಂತುಹೋಗಿರಬಹುದು. ನಿಂತ ಮೇಲೆಯೇ ಅದು ಎಷ್ಟು ದೊಡ್ಡದಿತ್ತೆಂದು ತಿಳಿಯುವುದು.

ಅಜ್ಜಿ ತೀರಿಕೊಂಡದ್ದು ಎರಡನೇ ಮಹಾಯುದ್ಧ ಸುರುವಾಗುವ ಮುಂಚೆ, ಮಳೆ ಹಿಂದೆ ಸರಿದ ಮೇಲಿನ ಒಂದು ಮಧ್ಯಾಹ್ನ. ಜ್ವರ ಬಿಡದೆ ಅವಳ ದನಿ ನೂಲಿನಷ್ಟಾಗಿತ್ತು. ಸುತ್ತಿಗೆಗಳು ನಿಂತಿದ್ದವು, ಸಮುದ್ರದ ಸದ್ದು ಒಳಕೋಣೆಯವರೆಗೆ ಬರುತ್ತಿತ್ತು. ಅಜ್ಜ ತಲೆಯ ಹತ್ತಿರ ಅವಳ ಕೈ ಹಿಡಿದು ಕೂತಿದ್ದ, ಅಪ್ಪ ಕಾಲ ಹತ್ತಿರ. ಅವಳು ಏನೋ ಹೇಳಿದಳು. ಅಜ್ಜ ಅವಳ ತುಟಿ ನೋಡಿದ, ಏನೂ ತಿಳಿಯಲಿಲ್ಲ. ಅಪ್ಪನಿಗೂ ತಿಳಿಯಲಿಲ್ಲ. ಬಾಗಿಲಲ್ಲಿದ್ದ ಪಾಂಡು ಚಿಕ್ಕಪ್ಪ ಹತ್ತಿರ ಬಾರದೆಯೇ, ಅಲ್ಲಿಂದಲೇ ಕೇಳಿಸಿಕೊಂಡ. ಬಂದು ಅಜ್ಜನ ಕಿವಿಗೆ ಕೈ ಮರೆ ಮಾಡಿ, ದೊಡ್ಡ ದನಿಯಲ್ಲಿ, “ನೀ ಉಂಡ್ಯಾ ಅಂತ ಕೇಳ್ತಾ ಇದ್ದಾಳೆ ಅಪ್ಪಾ” ಎಂದ.

“ಉಂಡೆ ಅಂತ ಹೇಳು” ಎಂದ ಅಜ್ಜ. ಅವಳಿಗೆ ಹೇಳಬೇಕಾಗಿರಲಿಲ್ಲ, ಅವಳ ಕಿವಿ ಕೊನೆಯವರೆಗೂ ಚೆನ್ನಾಗಿತ್ತು. ಅವಳ ತುಟಿ ಮತ್ತೆ ಅಲ್ಲಾಡಿತು. ಚಿಕ್ಕಪ್ಪ ಅಳುತ್ತಿದ್ದವನು ನಕ್ಕುಬಿಟ್ಟ. “ಸುಳ್ಳು ಅಂತಾಳೆ.”

ಅಜ್ಜ ಎದ್ದು ಅಡುಗೆಮನೆಗೆ ಹೋದ. ಆಯಿ ಬಡಿಸಿದ ಗಂಜಿಯನ್ನು ನಿಂತುಕೊಂಡೇ ಉಂಡ, ಕೈ ತೊಳೆದ, ಒರೆಸಿಕೊಳ್ಳದೆ ಹಾಗೆಯೇ ಬಂದು ಒದ್ದೆ ಕೈಯನ್ನು ಅವಳ ಅಂಗೈಯಲ್ಲಿ ಇಟ್ಟ. ಅವಳು ಬೆರಳು ಮಡಿಚಿ ಆ ಒದ್ದೆಯನ್ನು ಮುಟ್ಟಿ ನೋಡಿದಳು. ಮುಂದೆ ಏನೂ ಹೇಳಲಿಲ್ಲ. ಚಿಕ್ಕಪ್ಪ ಬಹಳ ಹೊತ್ತು ಅವಳ ತುಟಿಯ ಹತ್ತಿರ ಬಗ್ಗಿ ನಿಂತಿದ್ದ, ಇನ್ನೇನಾದರೂ ಹೇಳಿದರೆ ಕೇಳಿಸಿಕೊಳ್ಳಲು.